ಬಸ್ಸಿನ ಟಿಕೇಟೂ ಮದ್ದಿನ ಖರ್ಚೇ

ಪ್ರಶ್ನೆ: ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಬಸ್ಸಿಳಿದು ಎರಡು ಕಿಲೋಮೀಟರು ನಡೆಯಬೇಕಾದ ಊರಿನಲ್ಲಿದೆ. ತಮ್ಮನಿಗೆ 26 ವರ್ಷ. ಗಲ್ಫಿನ ಅಂಗಡಿಯೊಂದರಲ್ಲಿ ಎರಡು ವರ್ಷ ದುಡಿದು ಬಂದವನು ಕೋಣೆಯಿಂದ ಹೊರಗೆ ಬರುವುದನ್ನೇ ಬಿಟ್ಟ. ಯಾರೋ ತನ್ನ ಬಗ್ಗೆ ಮಾತನಾಡುತ್ತಾರೆ ಎನ್ನುತ್ತಾನೆ, ಒಬ್ಬನೇ ನಗುತ್ತಾನೆ, ಅನ್ನದಲ್ಲಿ ಏನೋ ಬೆರೆಸಿದ್ದಾರೆಂದು ಬಟ್ಟಲು ದೂಡುತ್ತಾನೆ. ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿದೆವು, ಗುಳಿಗ ದೈವಕ್ಕೆ ಹರಕೆ ಹೇಳಿದೆವು. ಆಮೇಲೆ ಅಮ್ಮನ ಬಳೆ ಅಡವಿಟ್ಟು ಮಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇಟ್ಟೆವು; 38,000 ರೂಪಾಯಿ ಆಯಿತು. ಗುಣವಾದ ಹಾಗೆಯೇ ಇದ್ದ. ಆಮೇಲೆ ಪ್ರತಿ ತಿಂಗಳು ಹೋಗಿ ಬರಲು, ಡಾಕ್ಟರ ಫೀಸಿಗೆ, ಮದ್ದಿಗೆ ಎಂದು ಮೂರು ಸಾವಿರದ ಹತ್ತಿರ ಬೀಳುತ್ತಿತ್ತು. ಮೂರು ತಿಂಗಳಿಗೆ ನಿಲ್ಲಿಸಿದೆವು. ಈಗ ಮೊದಲಿನಂತೆಯೇ ಆಗಿದ್ದಾನೆ. ಇಲ್ಲಿನ ಸರ್ಕಾರಿ ಆಸ್ಪತ್ರೆಗೂ ಒಮ್ಮೆ ಹೋಗಿದ್ದೆವು. ಡಾಕ್ಟರು ಮಲಯಾಳದಲ್ಲಿ ಕೇಳಿದ್ದು ಅಮ್ಮನಿಗೆ ತಿಳಿಯಲಿಲ್ಲ, ಮತ್ತೆ ಹೋಗಲಿಲ್ಲ. ಅಪ್ಪ ಇಲ್ಲ. ಅಮ್ಮ ಬೀಡಿ ಕಟ್ಟುತ್ತಾರೆ, ಎರಡು ತಿಂಗಳಿಂದ ಅವರಿಗೂ ನಿದ್ರೆಯಿಲ್ಲ. ನಾನು ತಾತ್ಕಾಲಿಕ ಶಿಕ್ಷಕಿ. ಬಡವರಿಗೆ ಕೊಡುವ ಗುಲಾಬಿ ರೇಷನ್ ಕಾರ್ಡಿದೆ. ಕಡಿಮೆ ಖರ್ಚಿನಲ್ಲಿ ಎಲ್ಲಿ ತೋರಿಸಬಹುದು? ನಿಮ್ಹಾನ್ಸಿಗೇ ಕರೆದೊಯ್ಯಬೇಕೇ? ಅಂಗವೈಕಲ್ಯದ ಕಾರ್ಡು ಮಾಡಿಸಿದರೆ ಅವನಿಗೆ ಮದುವೆಯಾಗದು ಎನ್ನುತ್ತಾರೆ, ನಿಜವೇ?

ಉತ್ತರ: ಮದ್ದು ನಿಲ್ಲಿಸಿದೆವು ಎಂಬ ಸಾಲನ್ನು ನೀವು ಅಂಜುತ್ತಲೇ ಬರೆದಂತಿದೆ. ಅಂಜಬೇಡಿ. ಮನೋರೋಗಿಗಳ ಮನೆಗಳಿಗೆ ಹೋಗಿ ಬರುವ ಸಮಾಜ ಕಾರ್ಯಕರ್ತರ ಕೆಲಸದಲ್ಲಿ ತಲಪಾಡಿಯ ಗಡಿಯ ಆಚೆ ಈಚೆ ನಾನು ಕಂಡ ಹೆಚ್ಚಿನ ಮನೆಗಳು ಹೀಗೆಯೇ ನಿಲ್ಲಿಸಿವೆ. ಜ್ವರ ಬಿಟ್ಟ ಮೇಲೂ ಗುಳಿಗೆ ನುಂಗುವವರು ಯಾರಿದ್ದಾರೆ? ಆದರೆ ಈ ಕಾಯಿಲೆ ಜ್ವರಕ್ಕಿಂತ ಸಕ್ಕರೆ ಕಾಯಿಲೆಗೆ ಹತ್ತಿರದ್ದು. ಕಾಗದ ಓದಿ ರೋಗಕ್ಕೆ ಹೆಸರಿಡುವುದು ನನ್ನ ಕೆಲಸವಲ್ಲ; ಅವನನ್ನು ನೋಡಿದ ಡಾಕ್ಟರೇ ಅದನ್ನು ಹೇಳಬೇಕು. ನೀವು ಬರೆದ ಲಕ್ಷಣಗಳು ಮಾತ್ರ ಸೈಕೋಸಿಸ್, ಅಂದರೆ ಇಲ್ಲದ್ದನ್ನು ಇದೆಯೆಂದೇ ನಂಬುವ, ಕೇಳುವ ಕಾಯಿಲೆಗಳ ಗುಂಪಿನವು. ಇಂಥದ್ದರಲ್ಲಿ ಮೊದಲ ಸಲ ಗುಣವಾದ ಮೇಲೂ ಕನಿಷ್ಠ ಒಂದೆರಡು ವರ್ಷ ಮದ್ದು ಮುಂದುವರಿಸಲು ಹೇಳುತ್ತಾರೆ. ಒಮ್ಮೆ ಮರುಕಳಿಸಿದರೆ ಆ ಅವಧಿ ಇನ್ನೂ ಉದ್ದವಾಗುತ್ತದೆ.

ಹಾಗಾದರೆ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಹಾಕಬೇಕು. ಮನಸ್ಸಿಗೆ ನೋವು ಕೊಟ್ಟದ್ದು 38,000 ರೂಪಾಯಿ, ಏಕೆಂದರೆ ಅದಕ್ಕೆ ಅಮ್ಮನ ಬಳೆ ಹೋಯಿತು. ಆದರೆ ಚಿಕಿತ್ಸೆಯನ್ನು ಮುರಿದದ್ದು ತಿಂಗಳ ಮೂರು ಸಾವಿರ. ಎರಡು ವರ್ಷಕ್ಕೆ ಅದು 72,000 ಆಗುತ್ತದೆ, ಅಮ್ಮ ಬೀಡಿ ಕಟ್ಟದೆ ಕಳೆದ ದಿನಗಳನ್ನು ಬಿಟ್ಟು. ಆ ಆಸ್ಪತ್ರೆ ಒಳ್ಳೆಯದೇ ಇರಬಹುದು. ನಿಮ್ಮ ಮನೆಯಿಂದ ಇಪ್ಪತ್ತನಾಲ್ಕು ಸಲ ಹೋಗಿ ಬರಬಹುದಾದ ಆಸ್ಪತ್ರೆ ಅದಲ್ಲ. ನಾನು ಯಾರಿಗೇ ಆಗಲಿ ಆಸ್ಪತ್ರೆ ಹೇಳುವ ಮೊದಲು ಕೇಳುವುದು ಬಸ್ಸಿನ ವಿಷಯ: ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಗೆ ತಿರುಗಿ ಬರಲು ಆಗುತ್ತದೆಯೇ? ಆಗುತ್ತದೆ ಎಂದಾದರೆ ಅಲ್ಲಿನ ಡಾಕ್ಟರು ಸ್ವಲ್ಪ ಸಾಧಾರಣದವರಾದರೂ ಸರಿ.

ಬದಿಯಡ್ಕದ ಕಡೆಯವರಿಗೆ ಅಂಥದ್ದೊಂದು ವ್ಯವಸ್ಥೆ ಇದೆ, ಅದರ ಹೆಸರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಇಂಗ್ಲಿಷಿನಲ್ಲಿ ಚುಟುಕಾಗಿ ಡಿ.ಎಂ.ಎಚ್.ಪಿ. ಇದರ ಬೀಜ ಬಿದ್ದದ್ದು ಕನ್ನಡದ ನೆಲದಲ್ಲೇ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಮದ್ದನ್ನು ಹಳ್ಳಿಯ ಹತ್ತಿರಕ್ಕೆ ಒಯ್ಯಬಹುದೆಂದು ತೋರಿಸಿದರು. ಆ ಬಳ್ಳಾರಿ ಮಾದರಿಯನ್ನೇ 1996ರಲ್ಲಿ ದೇಶದ ಕಾರ್ಯಕ್ರಮವಾಗಿ ಆರಂಭಿಸಿದರು. ಇಂದು ಕೇರಳದ ಎಲ್ಲ ಜಿಲ್ಲೆಗಳಲ್ಲೂ ಇದು ಇದೆ. ಮನೋವೈದ್ಯರು, ದಾದಿ, ಸಮಾಜ ಕಾರ್ಯಕರ್ತರು ಮುಂತಾದವರ ತಂಡ ಸಮುದಾಯ ಆರೋಗ್ಯ ಕೇಂದ್ರಗಳಿಗೂ ತಾಲೂಕು ಆಸ್ಪತ್ರೆಗಳಿಗೂ ತಿಂಗಳ ನಿಗದಿತ ದಿನಗಳಲ್ಲಿ ಬಂದು ರೋಗಿಗಳನ್ನು ನೋಡಿ, ಮದ್ದು ಕೊಟ್ಟು ಹೋಗುತ್ತದೆ. ಬದಿಯಡ್ಕ, ಕುಂಬಳೆ, ಮುಳಿಯಾರು, ಮಂಗಲ್ಪಾಡಿ ಇವುಗಳಲ್ಲಿ ನಿಮಗೆ ಬಸ್ಸು ಸುಲಭವಾದ ಕಡೆ ಕ್ಲಿನಿಕ್ ಯಾವ ದಿನ ಎಂದು ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಕೇಳಿ. 'ತಲೆಯ ಡಾಕ್ಟರು ಯಾವಾಗ ಬರುತ್ತಾರೆ' ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, 'ಡಿ.ಎಂ.ಎಚ್.ಪಿ. ಕ್ಲಿನಿಕ್' ಎಂದೇ ಕೇಳಿ, ಆ ನಾಲ್ಕು ಅಕ್ಷರ ಆಸ್ಪತ್ರೆಯವರಿಗೆಲ್ಲ ಗೊತ್ತು. ದಿನ ಬದಲಾಗುವುದುಂಟು, ಹಾಗಾಗಿ ಹೊರಡುವ ಹಿಂದಿನ ಸಂಜೆ ಇನ್ನೊಮ್ಮೆ ಫೋನ್ ಮಾಡಿ ವಿಚಾರಿಸಿಕೊಳ್ಳಿ. ಅಷ್ಟು ದಿನ ಕಾಯುವ ಸ್ಥಿತಿಯಲ್ಲಿ ಅವನು ಇಲ್ಲವಾದರೆ ಕಾಸರಗೋಡಿನ ಜನರಲ್ ಆಸ್ಪತ್ರೆಗೆ ಹೋಗಿ.

ಮೊದಲ ದಿನ ಮಂಗಳೂರಿನ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದವನ್ನು ಮರೆಯದೆ ಒಯ್ಯಿರಿ. 38,000 ರೂಪಾಯಿ ಕೊಟ್ಟು ನೀವು ಕೊಂಡ ವಸ್ತುಗಳಲ್ಲಿ ಇನ್ನೂ ಬೆಲೆ ಉಳಿದಿರುವುದು ಅದೊಂದಕ್ಕೇ. ಯಾವ ಮದ್ದು, ಎಷ್ಟು ಪ್ರಮಾಣದಲ್ಲಿ ಅವನಿಗೆ ಹಿಡಿಯಿತು ಎಂಬುದು ಅದರಲ್ಲಿದೆ. ಕಾಗದ ಕಳೆದುಹೋಗಿದ್ದರೆ ಖಾಲಿ ಸ್ಟ್ರಿಪ್ ಹುಡುಕಿ. ಹೆಚ್ಚಿನ ಮನೆಗಳಲ್ಲಿ ಅದು ಹಾರ್ಲಿಕ್ಸ್ ಬಾಟಲಿಯಲ್ಲೋ ದೇವರ ಕೋಣೆಯ ಗೂಡಿನಲ್ಲೋ ರಬ್ಬರ್ ಬ್ಯಾಂಡ್ ಹಾಕಿಕೊಂಡು ಕುಳಿತಿರುತ್ತದೆ. ಅದರ ಬೆನ್ನಿನಲ್ಲಿ ದೊಡ್ಡ ಅಕ್ಷರದಲ್ಲಿರುವುದು ಕಂಪೆನಿ ಇಟ್ಟ ಹೆಸರು. ಸಣ್ಣ ಅಕ್ಷರದಲ್ಲಿ ರಿಸ್ಪೆರಿಡೋನ್ ಎಂದೋ ಓಲಾನ್ಜಪಿನ್ ಎಂದೋ ಇರುವುದು ಮದ್ದಿನ ನಿಜವಾದ ಹೆಸರು. ಈ ಸಣ್ಣ ಅಕ್ಷರದ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಇವೆಲ್ಲ ಹಳೆಯ ಮದ್ದುಗಳು. ಸರ್ಕಾರಿ ಆಸ್ಪತ್ರೆಯಲ್ಲಿ ದಾಸ್ತಾನು ಮುಗಿದ ತಿಂಗಳಿನಲ್ಲಿ ಇದೇ ಹೆಸರು ಹೇಳಿ ಜನೌಷಧಿ ಕೇಂದ್ರದಲ್ಲೋ ಕೇರಳ ಸರ್ಕಾರದ ಕಾರುಣ್ಯ ಫಾರ್ಮಸಿಯಲ್ಲೋ ಕೇಳಿದರೆ ದೊಡ್ಡ ಅಕ್ಷರದ ಬೆಲೆ ತೆರಬೇಕಾಗಿಲ್ಲ. ದಾಸ್ತಾನು ಮುಗಿಯುವುದೇ ಇಲ್ಲ ಎಂದು ನಾನು ಹೇಳಲಾರೆ. ಮುಗಿಯುತ್ತದೆ. ಮನೆಯಲ್ಲಿ ಹತ್ತು ದಿನದ ಗುಳಿಗೆ ಉಳಿದಿರುವಾಗಲೇ ಮುಂದಿನದನ್ನು ತಂದುಕೊಳ್ಳುವ ಅಭ್ಯಾಸ ಇಟ್ಟುಕೊಳ್ಳಿ.

ರೇಷನ್ ಕಾರ್ಡಿನ ಬಗ್ಗೆ ಕೇಳಬೇಕಾದ್ದನ್ನು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಅದರ 18ನೇ ಸೆಕ್ಷನ್ ಪ್ರಕಾರ ಬಡತನ ರೇಖೆಗಿಂತ ಕೆಳಗಿನವರಿಗೆ, ಕೈಯಲ್ಲಿ ಕಾರ್ಡಿರಲಿ ಇಲ್ಲದಿರಲಿ, ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮನೋರೋಗದ ಮದ್ದು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಬೇಕು. ಕಾನೂನು ಹೇಳಿದ್ದೆಲ್ಲ ಕೌಂಟರಿನಲ್ಲಿ ದೊರೆಯುವುದಿಲ್ಲ ಎಂಬುದು ನಿಮಗೂ ಗೊತ್ತು. ಆದರೂ ದಾಕ್ಷಿಣ್ಯದಿಂದ ಕೇಳುವುದು ಬೇರೆ, ಹಕ್ಕಿನಿಂದ ಕೇಳುವುದು ಬೇರೆ. ಸರ್ಕಾರದ ಐದು ಲಕ್ಷದ ಆರೋಗ್ಯ ವಿಮೆಯ ಕಾರ್ಡನ್ನು ನಂಬಿ ಕೂರಬೇಡಿ. ಅದು ದಾಖಲಾದಾಗಿನ ಖರ್ಚಿಗೆ, ತಿಂಗಳ ಗುಳಿಗೆಗೆ ಬಾರದು.

ಇನ್ನು ಭಾಷೆ. ನೀವು ಮತ್ತೆ ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ಹೋಗದಿರಲು ಕಾರಣ ಹಣವಲ್ಲ, ಭಾಷೆ. ಅದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಾನು ಹೋಗಲಾರೆ. ಕಾಲು ಮುರಿದರೆ ಎಕ್ಸ್‌ರೇ ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ. ಮನಸ್ಸಿನ ಕಾಯಿಲೆಗೆ ಮಾತೇ ಎಕ್ಸ್‌ರೇ. ಹಲವು ವರ್ಷಗಳ ಹಿಂದೆ ಗಡಿಯ ಒಂದು ಆಸ್ಪತ್ರೆಯ ಜಗಲಿಯಲ್ಲಿ ನಡೆದದ್ದು ನೆನಪಾಗುತ್ತದೆ. ಅರುವತ್ತು ದಾಟಿದ ಹೆಂಗಸೊಬ್ಬರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, 'ಸಂಕಟ ಆಗುತ್ತದೆ' ಎಂದರು. ಹೊಸದಾಗಿ ಬಂದಿದ್ದ ಯುವ ಡಾಕ್ಟರು ಮರುಕದಿಂದ ತಲೆಯಾಡಿಸಿ, ಯಾರು ತೀರಿಹೋದರು ಎಂದು ಕೇಳಿದರು. ಹೆಂಗಸಿಗೆ ಗಾಬರಿ. ಮಲಯಾಳದಲ್ಲಿ ಸಂಕಟವೆಂದರೆ ದುಃಖ. ಅವರು ಹೇಳಿದ್ದು ಹೊಟ್ಟೆಯ ಸಂಕಟ, ಎದೆ ಉರಿದು ಬರುವಂಥದ್ದು. ಆ ದಿನ ಡಾಕ್ಟರು ತಪ್ಪಾಗಿ ಕೇಳಿಯೂ ಸರಿಯಾದ ಕಡೆಗೆ ಹೋದರು, ಏಕೆಂದರೆ ಹೊಟ್ಟೆಯ ಸಂಕಟದ ಹಿಂದೆ ದುಃಖವೂ ಇತ್ತು. ಆದರೆ ಎಲ್ಲ ಸಲವೂ ಅದೃಷ್ಟ ಹೀಗೆ ಕೈಹಿಡಿಯುವುದಿಲ್ಲ. ಇನ್ನೊಮ್ಮೆ, ಮಂಡೆಯೊಳಗೆ ಹುಳ ಹರಿದಂತಾಗುತ್ತದೆ ಎಂದವರ ಮಾತನ್ನು ಪಕ್ಕದಲ್ಲಿ ನಿಂತವರು 'ತಲೆನೋವು' ಎಂದು ತರ್ಜುಮೆ ಮಾಡಿ ಮುಗಿಸಿದರು. ನೋವಿನ ಗುಳಿಗೆ ಸಿಕ್ಕಿತು.

ಹಾಗಾಗಿ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ತಿಂಗಳು ಶುರುವಾಯಿತು, ನಿದ್ರೆ ಎಷ್ಟು ಗಂಟೆ, ಊಟ ಹೇಗೆ, ಕುಡಿತ ಅಥವಾ ಗಾಂಜಾ ಇದೆಯೇ, ಯಾರನ್ನಾದರೂ ಹೊಡೆದನೇ, ಸಾಯುವ ಮಾತಾಡಿದನೇ, ಮದ್ದು ಯಾವ ದಿನ ನಿಂತಿತು, ನಿಂತ ಎಷ್ಟು ವಾರಕ್ಕೆ ಲಕ್ಷಣ ಮರಳಿತು. ಗಾಂಜಾದ ಪ್ರಶ್ನೆಯನ್ನು ನಾಚಿಕೆಯಿಂದ ಬಿಡಬೇಡಿ, ಚಿಕಿತ್ಸೆಯ ದಾರಿಯೇ ಅದರಿಂದ ಬದಲಾಗಬಹುದು. ನಿಮ್ಮ ಶಾಲೆಯಲ್ಲಿ ಎರಡೂ ಭಾಷೆ ಬಲ್ಲ ಟೀಚರೊಬ್ಬರು ಖಂಡಿತ ಇರುತ್ತಾರೆ. ಅವರಿಂದ ಮಲಯಾಳಕ್ಕೆ ಮಾಡಿಸಿಕೊಳ್ಳಿ. ದುಭಾಷಿಯಾಗಿ ನೆರೆಮನೆಯವರನ್ನು ಮಾತ್ರ ಕರೆದೊಯ್ಯಬೇಡಿ. ಅವರು ಒಳ್ಳೆಯವರೇ ಇರಬಹುದು, ಆದರೆ ಅವರ ಎದುರು ಅಮ್ಮ ಅರ್ಧ ನುಂಗಿಕೊಳ್ಳುತ್ತಾರೆ. ಕ್ಲಿನಿಕ್ಕಿನಲ್ಲಿ ಕನ್ನಡ ಅಥವಾ ತುಳು ಬಲ್ಲ ದಾದಿ ಇದ್ದಾರೆಯೇ ಎಂದು ಮೊದಲೇ ಕೇಳಿ, ಈ ತಾಲೂಕಿನಲ್ಲಿ ಇಲ್ಲದಿರುವುದು ಅಪರೂಪ. ಕೇಳಿದರೆ ಸಿಡುಕುತ್ತಾರೆಂಬ ಹೆದರಿಕೆ ಬೇಡ. ಮೇಲಿನ ಅದೇ ಕಾಯ್ದೆಯ 22ನೇ ಸೆಕ್ಷನ್, ರೋಗದ ಮತ್ತು ಚಿಕಿತ್ಸೆಯ ವಿವರವನ್ನು ಕೇಳುವವರಿಗೆ ಅರ್ಥವಾಗುವ ಭಾಷೆಯಲ್ಲೇ ಹೇಳಬೇಕು ಎನ್ನುತ್ತದೆ. ದೂರು ಕೊಡಬೇಕಾಗಿ ಬಂದರೆ ಅದನ್ನೂ ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡದ ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ.

ಇವತ್ತೇ ರಾತ್ರಿ ಕನ್ನಡದಲ್ಲಿ ಯಾರೊಡನಾದರೂ ಮಾತನಾಡಬೇಕು ಅನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ನಡೆಯುತ್ತದೆ, ಹಣ ಕೊಡಬೇಕಾಗಿಲ್ಲ, ಭಾಷೆಗಳ ಆಯ್ಕೆಯಲ್ಲಿ ಕನ್ನಡವಿದೆ. ಮೊದಲು ಸಲಹೆಗಾರರು ಮಾತನಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ನಿಮ್ಮ ತಮ್ಮನನ್ನು ಫೋನಿನಲ್ಲೇ ಗುಣಪಡಿಸುತ್ತಾರೆಂದಲ್ಲ. ಕ್ಲಿನಿಕ್ಕಿನ ದಿನ ಬರುವವರೆಗೆ ಅವನನ್ನು ಹೇಗೆ ನಿಭಾಯಿಸಬೇಕೆಂದು ನಿಮಗೆ ಹೇಳಿಕೊಡುತ್ತಾರೆ.

ಮಂಗಳೂರಿನ ನಂಟನ್ನು ಪೂರ್ತಿ ಕಡಿದುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಕಾಸರಗೋಡಿನ ಕನ್ನಡಿಗನಿಗೆ ಕಾಯಿಲೆ ಎಂದರೆ ಮಂಗಳೂರು ಎಂಬುದು ಅಜ್ಜನ ಕಾಲದಿಂದ ಬಂದದ್ದು. ಖಾಸಗಿ ಆಸ್ಪತ್ರೆ ಕೈಗೆಟುಕದಿದ್ದರೆ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಇದೆ, ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳ ಹೊರರೋಗಿ ವಿಭಾಗಗಳಿವೆ. ಅಲ್ಲಿ ಕನ್ನಡವೂ ತುಳುವೂ ನಡೆಯುತ್ತವೆ. ಆದರೆ 2020ರ ಮಾರ್ಚಿನಲ್ಲಿ ಕೋವಿಡ್ ಹೆಸರಿನಲ್ಲಿ ಕರ್ನಾಟಕ ಸರ್ಕಾರ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದನ್ನು ನಮ್ಮ ಕಡೆಯವರು ಮರೆತಿಲ್ಲ. ಮಂಗಳೂರನ್ನೇ ನಂಬಿದ್ದ ರೋಗಿಗಳು ತಲಪಾಡಿಯಿಂದ ಈಚೆಗೆ ಸಿಕ್ಕಿಬಿದ್ದರು, ಕೆಲವರು ಜೀವ ಕಳೆದುಕೊಂಡರು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮದ್ದಿನ ಒಂದು ಬೇರು ನಿಮ್ಮ ಜಿಲ್ಲೆಯೊಳಗೆ ಇರಲಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಕಾರಣ.

ನಿಮ್ಹಾನ್ಸ್? ಈಗ ಬೇಡ. ಅಲ್ಲಿ ಚಿಕಿತ್ಸೆ ಅಗ್ಗ, ಡಾಕ್ಟರುಗಳು ನುರಿತವರು, ಭಾಷೆ ನಮ್ಮದೇ, ಅದೆಲ್ಲ ನಿಜ. ಆದರೆ ಯಾರೋ ತನ್ನ ಬಗ್ಗೆ ಮಾತನಾಡುತ್ತಾರೆಂದು ನಂಬಿರುವ ಹುಡುಗನನ್ನು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಕರೆದೊಯ್ಯುವುದು ಅವನಿಗೂ ನಿಮಗೂ ಶಿಕ್ಷೆ. ಎರಡು ಬಗೆಯ ಮದ್ದನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರ ಕೊಟ್ಟ ಮೇಲೂ ಹಿಡಿಯದಿದ್ದರೆ, ಅಥವಾ ರೋಗ ಯಾವುದೆಂದು ಇಲ್ಲಿನವರಿಗೇ ಅನುಮಾನವಿದ್ದರೆ, ಆಗ ಅವರಿಂದಲೇ ಪತ್ರ ಬರೆಯಿಸಿಕೊಂಡು ಹೋಗಿ. ನಿಮ್ಮ ತಮ್ಮನಿಗೆ ಮದ್ದು ಹಿಡಿದಿತ್ತು. ಅದನ್ನು ಮರೆಯಬೇಡಿ.

ಅನ್ನದ ಬಟ್ಟಲು ದೂಡುವ ವಿಷಯಕ್ಕೆ ಬರುತ್ತೇನೆ. ನಿಮ್ಮ ಊರಿನಲ್ಲಿ ಯಾರಾದರೂ ಈಗಾಗಲೇ ಹೇಳಿರುತ್ತಾರೆ, ಗುಳಿಗೆಯನ್ನು ಪುಡಿ ಮಾಡಿ ಸಾರಿನಲ್ಲಿ ಕಲಸಿ ಕೊಡಿ ಎಂದು. ದಯವಿಟ್ಟು ಬೇಡ. ಅನ್ನದಲ್ಲಿ ಏನೋ ಬೆರೆಸಿದ್ದಾರೆ ಎಂಬುದು ಅವನ ಕಾಯಿಲೆಯ ಮಾತು; ನೀವು ಬೆರೆಸಿದಿರಾದರೆ ಅದು ನಿಜದ ಮಾತಾಗಿಬಿಡುತ್ತದೆ. ತಿಳಿದ ದಿನ ಅವನು ಅಮ್ಮನ ಕೈಯ ನೀರನ್ನೂ ಮುಟ್ಟಲಾರ. ಬದಲಿಗೆ ಎಲ್ಲರೂ ಒಂದೇ ಪಾತ್ರೆಯಿಂದ ಉಣ್ಣಿ, ಅವನೇ ಬಡಿಸಿಕೊಳ್ಳಲಿ, ನೀವು ಮೊದಲು ತುತ್ತು ತೆಗೆಯಿರಿ. 'ವಿಷ ಇಲ್ಲ, ಹುಚ್ಚು ಮಾತಾಡಬೇಡ' ಎಂದು ವಾದಕ್ಕಿಳಿಯಬೇಡಿ, 'ಹೌದು, ಹಾಕಿರಬಹುದು' ಎಂದು ಒಪ್ಪಲೂ ಬೇಡಿ. 'ನಿನಗೆ ಹೆದರಿಕೆಯಾಗುತ್ತಿದೆ, ನನಗೆ ಗೊತ್ತಾಗುತ್ತದೆ' ಎಂದರೆ ಸಾಕು. ಗುಳಿಗೆಯನ್ನು ಸ್ಟ್ರಿಪ್ಪಿನಿಂದ ಅವನೇ ಒತ್ತಿ ತೆಗೆದುಕೊಳ್ಳಲಿ. ದಿನದ ಗುಳಿಗೆ ಸಾಧ್ಯವೇ ಇಲ್ಲವೆಂದಾದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಚುಚ್ಚುಮದ್ದು ಇದೆ, ಅವನಿಗೆ ಆಗುತ್ತದೆಯೇ ಎಂದು ಡಾಕ್ಟರರನ್ನು ಕೇಳಿ. ಮೈ ಬಿಗಿದುಕೊಂಡರೆ, ಜೊಲ್ಲು ಸುರಿದರೆ, ಕುಳಿತಲ್ಲಿ ಕೂರಲಾಗದೆ ಚಡಪಡಿಸಿದರೆ ಅದು ಮದ್ದಿನ ಅಡ್ಡ ಪರಿಣಾಮ. ಅದಕ್ಕೂ ಪರಿಹಾರವಿದೆ, ಹೇಳದೆ ನಿಲ್ಲಿಸಬೇಡಿ. ಕೆಲವು ಮದ್ದುಗಳಲ್ಲಿ ತೂಕ ಏರುತ್ತದೆ, ಹಾಗಾಗಿ ತೂಕವನ್ನೂ ಸಕ್ಕರೆಯನ್ನೂ ಆಗಾಗ ನೋಡಿಸಿ.

ಅವನು ಸಾಯುವ ಮಾತಾಡಿದರೆ, ಎರಡು ದಿನ ನೀರನ್ನೂ ಮುಟ್ಟದಿದ್ದರೆ, ಕೈಗೆ ಕತ್ತಿ ತೆಗೆದುಕೊಂಡರೆ ಕ್ಲಿನಿಕ್ಕಿನ ದಿನಕ್ಕೆ ಕಾಯಬೇಡಿ, 108 ಕರೆಯಿರಿ. ಮನೆಯ ಕೀಟನಾಶಕದ ಡಬ್ಬಿಗಳನ್ನು ಇವತ್ತೇ ಬೇರೆ ಮನೆಗೆ ಸಾಗಿಸಿ. ಅಡಿಕೆ ತೋಟವಿರುವ ಮನೆಗಳಿಗೆ ಈ ಮಾತನ್ನು ನಾನು ತಪ್ಪದೆ ಹೇಳುತ್ತೇನೆ.

ಗುಳಿಗನ ಹರಕೆಯ ಬಗ್ಗೆ ಬರೆಯುವಾಗ ನಾನು ಬೈಯುತ್ತೇನೆಂದು ನಿರೀಕ್ಷಿಸಿದಿರೋ ಏನೋ. ಬೈಯುವುದಿಲ್ಲ. ಗುಳಿಗನಿಗೆ ತಂಬಿಲ ಕೊಡಿ, ಮಗನಿಗೆ ಗುಳಿಗೆ ಕೊಡಿ ಎಂದು ನಾನು ಎಷ್ಟೋ ಅಮ್ಮಂದಿರಿಗೆ ಹೇಳಿದ್ದೇನೆ, ನಕ್ಕು ಒಪ್ಪುತ್ತಾರೆ. ಹರಕೆಯಿಂದ ಅಮ್ಮನಿಗೆ ಧೈರ್ಯ ಬರುವುದಾದರೆ ಅದು ಇರಲಿ. ಆದರೆ ಮದ್ದು ಬಿಟ್ಟರೆ ಮಾತ್ರ ಗುಣ ಎನ್ನುವವರಿಂದ, ಹೊಡೆದು ಬಿಡಿಸುತ್ತೇನೆ ಎನ್ನುವವರಿಂದ, ಕಟ್ಟಿಹಾಕಿ ಎನ್ನುವವರಿಂದ ದೂರವಿರಿ. ಮನೋರೋಗಿಯನ್ನು ಸಂಕೋಲೆ ಹಾಕಿ ಕಟ್ಟುವುದನ್ನು ಕಾನೂನೂ ನಿಷೇಧಿಸಿದೆ.

ಅಂಗವೈಕಲ್ಯದ ಕಾರ್ಡಿಗೆ ಅವಸರವಿಲ್ಲ. 2016ರ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಶೇಕಡಾ 40 ಅಥವಾ ಹೆಚ್ಚು ಎಂದು ವೈದ್ಯಕೀಯ ಮಂಡಳಿ ಬರೆದರೆ ಮಾಸಾಶನ ಮೊದಲಾದವುಗಳಿಗೆ ದಾರಿಯಾಗುತ್ತದೆ. ಅವನು ಮದ್ದಿನಿಂದ ಚೇತರಿಸಿಕೊಂಡು ಕೆಲಸಕ್ಕೆ ಹೋಗುವಂತಾದರೆ ಕಾರ್ಡು ಬೇಕಾಗಲಿಕ್ಕಿಲ್ಲ. ಎರಡು ವರ್ಷ ಕಳೆದರೂ ತನ್ನ ಕೆಲಸ ತಾನು ಮಾಡಿಕೊಳ್ಳಲಾಗದ ಸ್ಥಿತಿಯಿದ್ದರೆ ಆಗ ಮಾಡಿಸಿ, ಮದುವೆಯ ಭಯದಿಂದ ಬಿಡಬೇಡಿ. ಕಾರ್ಡು ನಿಮ್ಮ ಕಪಾಟಿನಲ್ಲಿರುತ್ತದೆ, ಪಂಚಾಯತಿನ ಗೋಡೆಯ ಮೇಲಲ್ಲ. ಆಸ್ಪತ್ರೆಯವರೂ ರೋಗದ ವಿಷಯವನ್ನು ಹೊರಗೆ ಹೇಳುವಂತಿಲ್ಲ. ಮದುವೆಯ ಬಗ್ಗೆ ನನ್ನ ಅಭಿಪ್ರಾಯ ಕೇಳುವುದಾದರೆ, ಮುಚ್ಚಿಟ್ಟು ಮಾಡಿದ ಮದುವೆಗಳಲ್ಲಿ ಮದ್ದನ್ನೂ ಮುಚ್ಚಿಡಬೇಕಾಗುತ್ತದೆ. ಹೆಂಡತಿ ನೋಡಿಯಾಳೆಂದು ಗುಳಿಗೆ ಬಿಟ್ಟು ಆರು ತಿಂಗಳಲ್ಲಿ ಮತ್ತೆ ಆಸ್ಪತ್ರೆ ಸೇರಿದವರನ್ನು ನಾನು ಕಂಡಿದ್ದೇನೆ. ಈಗ ಮದುವೆಯ ಮಾತು ಎತ್ತಬೇಡಿ. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಬರುವ ನೆಂಟರಿಗೆ ಚಹಾ ಕೊಟ್ಟು ಕಳುಹಿಸಿ.

ನಿಮ್ಮ ಅಮ್ಮನ ನಿದ್ರೆಯ ಸಂಗತಿಯನ್ನು ಬೀಡಿಯ ಮಾತಿನ ಬಾಲಕ್ಕೆ ಕಟ್ಟಿ ಬರೆದಿದ್ದೀರಿ. ಗಂಡನಿಲ್ಲದ ಮನೆ, ಅಡವಿಟ್ಟ ಬಳೆ, ಮುಚ್ಚಿದ ಬಾಗಿಲ ಹಿಂದೆ ಮಗ: ಎರಡು ತಿಂಗಳು ನಿದ್ರೆಯಿಲ್ಲ ಎಂದರೆ ಅದು ಚಿಂತೆಯ ಗಡಿ ದಾಟಿ ಖಿನ್ನತೆಯ ಕಡೆಗೆ ಹೋಗಿರಬಹುದು. ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗಾಗಿಯೇ 'ಆಶ್ವಾಸಂ' ಎಂಬ ಕ್ಲಿನಿಕ್ಕುಗಳಿವೆ. ಅದಕ್ಕೆ ಬೇರೆ ದಿನ ಹೊರಡಲು ಅವರು ಒಪ್ಪಲಾರರು, ನನಗೆ ಗೊತ್ತು. ಆದ್ದರಿಂದ ತಮ್ಮನನ್ನು ಡಿ.ಎಂ.ಎಚ್.ಪಿ. ಕ್ಲಿನಿಕ್ಕಿಗೆ ಕರೆದೊಯ್ದ ದಿನವೇ ಓ.ಪಿ. ಕೌಂಟರಿನಲ್ಲಿ ಎರಡು ಚೀಟಿ ಬರೆಯಿಸಿ. ಒಂದು ಅವನ ಹೆಸರಿನಲ್ಲಿ, ಇನ್ನೊಂದು ಅಮ್ಮನ ಹೆಸರಿನಲ್ಲಿ. ಅಮ್ಮನಿಗೆ ಮೊದಲೇ ಹೇಳಬೇಡಿ, ಬರುವುದಿಲ್ಲ ಎಂದಾರು.